ಗುಡಿಯ ಮುಂದಿನ ಗುಂಡುಕಲ್ಲು

ಕಳೆದ ನಾಗರಪಂಚಮಿಗೆ ನಾವು ಇಂಡಿ ತಾಲೂಕಿನ ನಮ್ಮ ಹಳ್ಳಿಗೆ ಹೋಗಿದ್ದೆವು. ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಿದ್ದರು. ಹುಡುಗರು ಪಂತ ಕಟ್ಟಿ ನಿಂಬೆಹಣ್ಣು ಎಸೆಯುತ್ತಿದ್ದರು. ಹನುಮಪ್ಪನ ಗುಡಿಯ ಮುಂದಿನ ಗುಂಡುಕಲ್ಲು ಮಾತ್ರ ಕಾಣಲಿಲ್ಲ. ವಿಚಾರಿಸಲು, ರಸ್ತೆ ಮಾಡುವಾಗ ಅದು ತಳಪಾಯಕ್ಕೆ ಹೋಯಿತೆಂದರು. ಹಿರಿಯರೊಬ್ಬರು ತೀರಿಕೊಂಡ ಸುದ್ದಿಯನ್ನು ತಡವಾಗಿ ಕೇಳಿದಂತೆ ನಮಗಾಯಿತು.

ಕಲ್ಲಿಗೇಕೆ ಇಷ್ಟು ಶೋಕವೆಂದು ವಾಚಕರು ಕೇಳಬಹುದು. ಸ್ಕಾಟ್ಲಂಡದ ಸಂಗತಿಯನ್ನು ಲಾಲಿಸಿರಿ. 1746ರ ಕುಲ್ಲೊಡೆನ್ ಕಾಳಗದ ತರುವಾಯ ಅಲ್ಲಿಯ ಗುಡ್ಡನಾಡಿಗರ ಉಡುಪನ್ನು ಸಹ ಸರಕಾರವು ನಿಷೇಧಿಸಿತು. ಆ ನಿರ್ಬಂಧವು 1782ರ ವರೆಗೂ ಇದ್ದಿತು. ಮುಂದೆ ಆ ಜನರೇ ಸಂಘಗಳನ್ನು ಕಟ್ಟಿ ತಮ್ಮ ಆಟಗಳನ್ನು ಎತ್ತಿಹಿಡಿದರು. ಬ್ರೇಮಾರಿನ ಕೂಟಕ್ಕೆ 1848ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದಳು. ಅಲ್ಲಿ ಮರದ ದಿಮ್ಮಿಯನ್ನು ಎಸೆಯುವವರು ದೂರಕ್ಕಾಗಿ ಹೆಣಗುವುದಿಲ್ಲ. ದಿಮ್ಮಿಯು ಲಾಗ ಹಾಕಿ ಎಸೆದವನೆದುರು ನೆಟ್ಟಗೆ ಬಿದ್ದರೆ ಅದೇ ಗೆಲವು. ಪೊಟಾರ್ಚ್ ಎಂಬಲ್ಲಿ ಕಬ್ಬಿಣದ ಬಳೆಗಳುಳ್ಳ ಎರಡು ಕಲ್ಲುಗಳಿವೆ; ಕೂಡಿ ಸುಮಾರು 332 ಕಿಲೋ ತೂಕ. 1860ರಲ್ಲಿ ಡೊನಾಲ್ಡ್ ಡಿನ್ನಿ ಎಂಬವನು ಅವನ್ನು ಸೇತುವೆಯಗಲಕ್ಕೂ ಹೊತ್ತನೆಂದು ಪ್ರಸಿದ್ಧಿ. ಇಂದಿಗೂ ಅವು ಅವನ ಹೆಸರಿನವೇ. ದೇಶಾಂತರದ ಬಲಶಾಲಿಗಳು ಎತ್ತಿ ನೋಡಲು ಬರುತ್ತಾರೆ.

ನಮ್ಮಲ್ಲಿ ಈ ವಿದ್ಯೆಯು ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯನ್ನು ವಿವರಿಸುತ್ತ ‘ಭಾರಶ್ರಮ’ವನ್ನು ಹೇಳಿದ್ದಾನೆ. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ—ಇವೆಲ್ಲ ಅದರ ಮಕ್ಕಳೇ ಸರಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಭಾರ ಎತ್ತುವ ಪಂದ್ಯಗಳು ಈಗಲೂ ನಡೆಯುತ್ತವೆ. ಆದುದರಿಂದ ವಿದ್ಯೆ ಸತ್ತಿಲ್ಲ, ಸತ್ತುದು ನೆನಪು. ನಮ್ಮೂರ ಕಲ್ಲಿನ ತೂಕವೆಷ್ಟು, ಅದನ್ನು ಮೊದಲು ಹೆಗಲಿಗೇರಿಸಿದವರಾರು? ಯಾರೂ ಬರೆದಿಡಲಿಲ್ಲ.

ಈ ದೋಷದಲ್ಲಿ ನಮ್ಮ ಪಾಲೂ ಉಂಟು. ಮಾಸ್ತರಿಕೆಯ ಕಾಲದಲ್ಲಿ ಆ ಕಲ್ಲಿನ ಸುತ್ತ ನೆರೆದ ಹುಡುಗರನ್ನು “ಕಲ್ಲು ಎತ್ತಿದರೆ ಹೊಟ್ಟೆ ತುಂಬೀತೇನೋ?” ಎಂದು ಗದರಿಸಿ ಅಮರಕೋಶ ಬಾಯಿಪಾಠ ಮಾಡಿಸಿದೆವು. ಶಬ್ದಗಳನ್ನು ಕಾಯ್ದೆವು, ಕಲ್ಲನ್ನು ಕಳೆದೆವು. ಶರೀರವೇ ಧರ್ಮಕ್ಕೆ ಮೊದಲ ಸಾಧನವೆಂದು ಪಾಠ ಹೇಳಿದ ನಾವೇ ಹೀಗೆ ಮಾಡಿದೆವು!

ತಾಯಂದಿರೇ, ನಿಮ್ಮ ಮಕ್ಕಳು ಇಂದೇ ಅಜ್ಜನನ್ನು ಕೇಳಲಿ: ನಮ್ಮೂರ ಕಲ್ಲು ಎಲ್ಲಿದೆ, ಎತ್ತಿದವರು ಯಾರು? ಅಜ್ಜ ಹೇಳಿದ್ದನ್ನು ಪಾಟಿಯ ಮೇಲಲ್ಲ, ಹಾಳೆಯ ಮೇಲೆ ಬರೆದಿಡಲಿ.