ಪಹಣಿ ಅಜ್ಜನ ಹೆಸರಲ್ಲಿ, ಅರ್ಜಿ ಮೊಮ್ಮಗಳ ಹೆಸರಲ್ಲಿ

ಹೋದ ವರ್ಷ ನಮ್ಮೂರಿನ ಹುಡುಗಿಯೊಬ್ಬಳು ಬಿಎಸ್ಸಿ ಸೇರಿದಳು. ಅಪ್ಪನದು ಎರಡೂವರೆ ಎಕರೆ ಖುಷ್ಕಿ. ರೈತ ವಿದ್ಯಾನಿಧಿ ಬರುತ್ತೆ ಅನ್ನೋ ಧೈರ್ಯದಲ್ಲಿ ಪುಸ್ತಕಕ್ಕೆ, ಬಸ್ ಪಾಸಿಗೆ ಕೈಸಾಲ ಮಾಡಿದ್ರು. ದುಡ್ಡು ಬರಲೇ ಇಲ್ಲ. ಮೊಬೈಲ್ ಹಿಡ್ಕೊಂಡು ನನ್ನ ಹತ್ರ ಬಂದಳು. ನೋಡಿದ್ರೆ ಅವಳು ತುಂಬಿದ್ದರಲ್ಲಿ ಏನೂ ತಪ್ಪಿಲ್ಲ. ಜಮೀನಿನ ಪಹಣಿ ಮಾತ್ರ ಹನ್ನೊಂದು ವರ್ಷದ ಹಿಂದೆ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಅಪ್ಪನ ಹೆಸರಲ್ಲಿ ಪಹಣಿ ಇಲ್ಲ, ಹಾಗಾಗಿ ಫ್ರೂಟ್ಸ್‌ನಲ್ಲಿ ಎಫ್‌ಐಡಿ ಇಲ್ಲ. ಸರ್ಕಾರದ ಕಂಪ್ಯೂಟರ್ ಪ್ರಕಾರ ಆ ಮನುಷ್ಯ ರೈತನೇ ಅಲ್ಲ!

2021ರಲ್ಲಿ ಈ ಯೋಜನೆ ಶುರುವಾದಾಗ ನಿಗದಿಯಾದ ಮೊತ್ತ ನೋಡಿ: ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಎಂಬಿಬಿಎಸ್, ಬಿಇ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ದೊಡ್ಡ ಮೊತ್ತ ಅಲ್ಲ ನಿಜ. ಆದ್ರೆ ಟೊಮೆಟೊ ಬಾಕ್ಸು ನೂರು ರೂಪಾಯಿಗೆ ಇಳಿದ ವರ್ಷ ಅದೇ ದೊಡ್ಡದು. ಆಮೇಲೆ ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೂ ಯೋಜನೆ ವಿಸ್ತರಿಸಿದರು, ಒಳ್ಳೆಯದೇ. ನಮ್ಮೂರಿನ ಈ ಅಪ್ಪ ಮಾತ್ರ ಆ ಲೆಕ್ಕಕ್ಕೂ ಇಲ್ಲ, ಈ ಲೆಕ್ಕಕ್ಕೂ ಇಲ್ಲ. ಉಳುಮೆ ಮಾಡೋನು ಅವನೇ ಅಂತ ಊರಿಗೆಲ್ಲ ಗೊತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ ನೋಡಿ ಇಂಥ ಮಕ್ಕಳ ಅರ್ಜಿಯನ್ನ ತಾತ್ಕಾಲಿಕವಾಗಿಯಾದ್ರೂ ಒಪ್ಪಬೇಕು ಅನ್ನೋದು ನನ್ನ ವಾದ. ಓದೋ ಮಕ್ಕಳು ಖಾತೆ ಬದಲಾಗೋ ತನಕ ಕಾಯಕ್ಕಾಗಲ್ಲ.

ಆದ್ರೆ ತಪ್ಪು ಪೂರ್ತಿ ಸರ್ಕಾರದ್ದು ಅಂತಾನೂ ನಾನು ಹೇಳಲ್ಲ. ಪೌತಿ ಖಾತೆ ಯಾಕೆ ಮಾಡಿಸಿಲ್ಲ ಅಂತ ಕೇಳಿದೆ. ‘ಮಾಡಿಸಿದ್ರೆ ಅಕ್ಕ-ತಂಗಿ ಹೆಸರೂ ಸೇರ್ತದಲ್ಲಣ್ಣ’ ಅಂದ. ಇದೇ ಭಯದಲ್ಲಿ ಎಷ್ಟು ಮನೆಗಳ ಪಹಣಿಯಲ್ಲಿ ತೀರಿಹೋದವರೇ ಒಕ್ಕಲುತನ ಮಾಡ್ತಿದ್ದಾರೋ! ಹೆಣ್ಣುಮಕ್ಕಳ ಹಕ್ಕು ಪೌತಿ ಮಾಡಿಸದಿದ್ರೂ ಇದ್ದೇ ಇದೆ. ಪೌತಿ ಅಂದ್ರೆ ಪಾಲು ವಿಭಾಗ ಅಲ್ಲ. ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತೆ, ಅಷ್ಟೆ. ಅತ್ತೆಯರ ಹೆಸರು ಮುಚ್ಚಿಡೋಕೆ ಹೋಗಿ ಮಗಳ ದುಡ್ಡು ಕಳ್ಕೊಂಡ, ಅವಳೂ ಹೆಣ್ಣುಮಗಳೇ.

ಇನ್ನೊಂದು ಮಾತು, ಸೈಬರ್ ಸೆಂಟರ್‌ನದು. ನಾನು ತೋಟಗಾರಿಕೆ ಓದುವಾಗ ವಿದ್ಯಾರ್ಥಿವೇತನ ಅಂದ್ರೆ ಕಾಗದದ ಅರ್ಜಿ, ಸಹಿಗೆ ಇಡೀ ದಿನ ಬಾಗಿಲಲ್ಲಿ ನಿಲ್ಲೋದು. ಈಗ ಎಸ್‌ಎಸ್‌ಪಿ ಪೋರ್ಟಲ್ ನಿಮ್ಮ ಜೇಬಲ್ಲೇ ಇದೆ. ಆದ್ರೂ ದಿನಾ ಎರಡು ಗಂಟೆ ರೀಲ್ಸ್ ನೋಡೋ ನಾವು ಅರ್ಜಿ ಹಾಕೋಕೆ ಸೆಂಟರ್‌ಗೆ ಹೋಗ್ತೀವಿ. ಅವರು ಅವಸರದಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಟ್ರೆ ಮುಂದಿನ ವರ್ಷ ಒಟಿಪಿ ಯಾರಿಗೆ ಹೋಗುತ್ತೆ? ತಂಗಿ-ತಮ್ಮಂದಿರ ಅರ್ಜಿ ನೀವೇ ಕೂತು ಹಾಕಿ. ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಮೊಬೈಲಲ್ಲಿ ಉಳಿಸ್ಕೊಳ್ಳಿ. ಮುಖ್ಯವಾಗಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಮೈ ಆಧಾರ್ ಪುಟದಲ್ಲಿ ಪರಿಶೀಲಿಸಿ. ಕೊನೆಗೆ ಜೋಡಣೆಯಾದ ಬ್ಯಾಂಕಿಗೇ ದುಡ್ಡು ಹೋಗೋದು. ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಸುಮ್ನೆ ಕೂತಿರಬಹುದು.

ಸರ್ಕಾರದ ಮುಂದೆ ಕೈ ಚಾಚೋದಾ ಅಂತ ನಮ್ಮಪ್ಪ ಆಗ ಹಿಂಜರಿದಿದ್ರು. ಯೂರಿಯಾ ಮೂಟೆ ಹೊರುವಾಗ ಆ ಹಿಂಜರಿಕೆ ಇರಲಿಲ್ಲ, ಅದೂ ಸಬ್ಸಿಡಿಯೇ ಅಲ್ವಾ?

ಆ ಹುಡುಗಿಯ ಇಬ್ಬರು ಅತ್ತೆಯರೂ ಹೋದ ತಿಂಗಳು ನಾಡಕಚೇರಿಗೆ ಬಂದು ಹೋದರು. ಈಗ ನೋಟಿಸ್ ಅವಧಿ ನಡೀತಿದೆ. ಖಾತೆ ಆದ ಮಾರನೇ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್‌ಐಡಿ ಮಾಡಿಸಬೇಕು. ಮೊದಲ ವರ್ಷದ್ದು ಕೈ ತಪ್ಪಿತು. ಎರಡನೇ ವರ್ಷದ ಅರ್ಜಿ ಅವಳೇ ಹಾಕ್ತಾಳಂತೆ, ಅವಳ ಮೊಬೈಲಿಂದಲೇ.