ಹಳೇದಂದ್ರ ಎಲ್ಲಾ ಹತ್ತಕ್ಕ ಹತ್ತು ಅಲ್ಲ

ಮೊದಲ ಹೇಳಿಬಿಡ್ತೀನಿ, ಇವತ್ತಿನ ಮಾತು ಬಿಯರಿಂದು. ವೈನಿ, ಮೂಗು ಮುರೀಬ್ಯಾಡ್ರಿ. ಮೌಶಿ, ನೀವು ಬೇಕಾದ್ರ ಬಿಯರ್ ಅಂತ ಇದ್ದಲ್ಲೆ ಉಪ್ಪಿನಕಾಯಿ ಅಂತ ಓದಿಕೋರಿ. ಅರ್ಥ ಏನೂ ಭಾಳ ಕೆಡೂದಿಲ್ಲ.

ಇಲ್ಲೆ ಬ್ರಸೆಲ್ಸ್‌ನ್ಯಾಗ ನಮ್ಮ ಕೆಳಗಿನ ಮನ್ಯಾಗ ಒಬ್ಬ ಅಜ್ಜಿ ಇದ್ದಾರ. ಅವರ ಯಜಮಾನರು ತೀರಿ ಎರಡು ವರ್ಷ ಆತು. ಅವರು ಕೂಡಿಟ್ಟ ಹುಳಿ ಬಿಯರಿನ ಬಾಟಲಿ ಇನ್ನೂ ನೆಲಮಾಳಿಗ್ಯಾಗ ಅಡ್ಡ ಮಲಗ್ಯಾವ. ಹೋದ ತಿಂಗಳ ಅವರ ಅಳಿಯಾ ಬಂದಾಂವ, ಫೋನಿನ್ಯಾಗ ಹುಡುಕಿ ನೋಡಿ, 'ಇದಕ್ಕ ಐದಕ್ಕ ನಾಲ್ಕೂವರಿ ಮಾರ್ಕ್ಸ್ ಅವ, ತಗೀಬ್ಯಾಡ್ರಿ, ಮಾರಿಬಿಡೂಣು' ಅಂದ. ಅಜ್ಜಿ ಏನೂ ಮಾತಾಡಲಿಲ್ಲ. ಅಂವ ಹೋದ ಮ್ಯಾಲೆ ಎರಡು ಬಾಟಲಿ ಮ್ಯಾಲೆ ತಂದು, ನನಗ ಮತ್ತ ಎದುರು ಮನಿಯಾಕಿಗೆ ಬರ್ರಿ ಅಂತ ಕರದ್ರು. ಎರಡೂ 2004ರವು, ಮಗಳ ಮದಿವಿ ವರ್ಷದವು. ಒಂದು ಚೆರಿ ಹಣ್ಣು ಹಾಕಿದ್ದು, ಅದಕ್ಕ ಕ್ರೀಕ್ ಅಂತಾರ. ಇನ್ನೊಂದು ಹಣ್ಣಿಲ್ಲದ್ದು, ಅದಕ್ಕ ಗೋಝ್ ಅಂತಾರ.

ಇದು ನಮ್ಮ ಕಡೆ ಸಿಗೂ ಕಹಿ ಬಿಯರಿನಂಥಾದ್ದಲ್ಲ. ಎರಡರ ಮೂಲಾನೂ ಲ್ಯಾಂಬಿಕ್. ಬ್ರಸೆಲ್ಸ್ ಮತ್ತ ಅದರ ಮಗ್ಗಲಿನ ಸೆನ್ನೆ ಹೊಳಿ ಸೀಮಿ ಅದರ ತವರುಮನಿ. ಮೊಳಕಿ ಬರಿಸಿದ ಬಾರ್ಲಿ, ಮೊಳಕಿ ಬರಿಸದ ಗೋದಿ, ವರ್ಷಗಟ್ಟಲೆ ಇಟ್ಟು ಕಹಿ ಇಳಿಸಿದ ಹಾಪ್ಸ್ ಹೂವು ಹಾಕಿ ತಾಸುಗಟ್ಟಲೆ ಕುದಸ್ತಾರ. ಆಮ್ಯಾಲೆ ಅಗಲ ತೊಟ್ಟಿಯೊಳಗ ಹಾಕಿ ರಾತ್ರಿಪೂರ್ತಿ ತೆರದಿಡ್ತಾರ. ಹೆಪ್ಪು ಯಾರೂ ಹಾಕೂದಿಲ್ಲ. ಗಾಳ್ಯಾಗಿಂದ, ಹಳೇ ಕಟ್ಟಗಿಯೊಳಗಿಂದ ಬಂದದ್ದ ಹೆಪ್ಪು. ಬ್ಯಾಸಗ್ಯಾಗ ಬ್ಯಾಡಾದ ಹುಳ ಕೂಡ್ತಾವಂತ ಥಂಡಿ ದಿನದಾಗ ಅಷ್ಟ ಮಾಡ್ತಾರ, ಸುಮಾರು ಅಕ್ಟೋಬರಿಂದ ಏಪ್ರಿಲ್ ತನಕಾ. ಇಲ್ಲೇ ಆಂಡರ್ಲೆಕ್ಟ್‌ನ್ಯಾಗ ಕಾಂಟಿಯೋನ್ ಅಂತ 1900ರಿಂದ ನಡದುಬಂದದ್ದು ಒಂದದ, 1978ರಿಂದ ಅದು ಮ್ಯೂಸಿಯಂ ಸೈತ ಹೌದು. ಅಲ್ಲೆ ಜೇಡರ ಬಲಿ ಸುದ್ಧಾ ತಗಿಯೂದಿಲ್ಲ, ನೊಣ ಹಿಡೀಲಿ ಅಂತ ಬಿಟ್ಟಾರ. ನಮ್ಮತ್ತಿಯವರು ನೋಡಿದ್ರ ಕಸಬರಿಗಿ ತಗೊಂಡ ಒಳಗ ಹೊಕ್ಕಿದ್ರು!

ಪೀಪಾಯಿಯೊಳಗ ಒಂದು ಹಂತದಾಗ ಈ ಬಿಯರ್ ಲೋಳಿ ಲೋಳಿ ಆಗಿ ಎಣ್ಣಿಗತೆ ಧಾರಿ ಬೀಳ್ತದ. ನಾವಾಗಿದ್ರ ಕೆಟ್ಟತು ಅಂತ ಚೆಲ್ಲತಿದ್ವಿ. ಅವರು ಚೆಲ್ಲೂದಿಲ್ಲ. ಬ್ರೆಟ್ಟನೊಮೈಸಿಸ್ ಅನ್ನೂ ಕಾಡು ಯೀಸ್ಟ್ ಮೆಲ್ಲಕ ಆ ಲೋಳಿ ಕರಗಿಸಿ ತಿಳಿ ಮಾಡ್ತದ. ಕಡೀಕ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಕೂಡಿಸಿ ಬಾಟಲಿ ತುಂಬಿದ್ರ ಅದ ಗೋಝ್. ಹಳೇದು ರುಚಿ ಕೊಡ್ತದ, ಎಳೇದ್ರಾಗ ಉಳದ ಸಕ್ಕರಿ ಬಾಟಲಿಯೊಳಗ ಮತ್ತ ಹುದಗೆದ್ದು ನೊರಿ ಕೊಡ್ತದ. 'ಹಳೇ ಗೋಝ್' ಅನ್ನೂ ಹೆಸರಿಗೆ 1997ರಿಂದ ಯುರೋಪಿನ್ಯಾಗ ಕಾಯಿದೆ ಅದ. ಅದರೊಳಗಿನ ಎಲ್ಲಾಕಿಂತ ಹಳೇ ಪಾಲಿಗೆ ಕಡಿಮಿ ಅಂದ್ರೂ ಮೂರು ವರ್ಷ ಆಗಿರಬೇಕು. ಆದ್ರೂ ನೋಡ್ರಿ, ಎಳೇದನ್ನ ಕೂಡಸದಿದ್ರ ಆ ಹಳೇದಕ್ಕ ಜೀವಾನ ಬರೂದಿಲ್ಲ.

ಈಗ ಅವತ್ತಿನ ಸಂಜಿಗೆ ಬರ್ತೀನಿ. ಅಜ್ಜಿ ಮೊದಲ ಕ್ರೀಕ್ ತಗದ್ರು. ಬಾಟಲಿ ಅಲುಗಾಡಬಾರದು, ತಳದ ಗಷ್ಟ ಮ್ಯಾಲೆ ಬರ್ತದ ಅಂತ ಮಲಗಿದ್ದನ್ನ ಮಲಗಿದ್ದಂಗ ಬೆತ್ತದ ಬುಟ್ಟಿಯೊಳಗಿಟ್ಟು ಮೆಲ್ಲಕ ಬಗ್ಗಿಸಿದ್ರು. ನಾ ಒಂದು ಗುಟುಕು ತಗೊಂಡೆ, ಹಳೇ ಲೇಬಲ್ ನೋಡಿದೆ, ಅಜ್ಜಿ ಮಾರಿ ನೋಡಿದೆ, 'ಭಾರೀ ಅದ' ಅಂದುಬಿಟ್ಟೆ.

ಸುಳ್ಳ ಹೇಳಿದ್ದೆ. ಹಣ್ಣಿನ ಕೆಂಪು ಹೋಗಿ ಚಹಾದ ಬಣ್ಣ ಬಂದಿತ್ತು. ಹುಳಿ ಇತ್ತು, ಚೆರಿ ಇರಲಿಲ್ಲ. ಬೀಜದೊಳಗಿನ ಬದಾಮಿಯಂಥಾ ವಾಸನಿ ಅಷ್ಟ ಉಳದಿತ್ತು.

ಎದುರು ಮನಿಯಾಕಿಗೆ ಹಳೇ ಬಿಯರಿನ ಗಂಧಾನೂ ಗೊತ್ತಿಲ್ಲ, ಲೇಬಲ್ಲಿನ ಭಯಾನೂ ಇಲ್ಲ. ಅಕಿ ಬರೂ ಮುಂದ ಅಂಗಡ್ಯಾಗಿಂದ ಈ ವರ್ಷದ್ದು ಒಂದು ಕ್ರೀಕ್, ಒಂದು ಗೋಝ್ ತಂದಿದ್ಲು. ಹೊಸಾ ಕ್ರೀಕ್ ಪಕ್ಕದ ಗ್ಲಾಸಿಗೆ ಹಾಕಿದ್ಲು. ಬಾಯಾಗ ಇಡೂದ ತಡ, ಹಣ್ಣು ಕಚ್ಚಿದಂಗಾತು. ಇನ್ನೇನು ಹೇಳೂದು ಉಳದಿತ್ತು?

ಆಮ್ಯಾಲೆ ಗೋಝ್. ಇಲ್ಲೆ ತಿರುಗಾಮುರುಗಾ ಆತು. ಹೊಸಾದು ನಿಂಬಿಹಣ್ಣಿನಂಗ ಹಲ್ಲು ಜುಮ್ ಅನಸ್ತು. 2004ರದು ದುಂಡಗ, ಮೆತ್ತಗ ಇಳೀತು. ಒಣಾ ಹುಲ್ಲು, ನಿಂಬಿ ಸಿಪ್ಪಿ, ಹಳೇ ಕಪಾಟಿನ ಕಟ್ಟಗಿ ವಾಸನಿ. ತಿಳದವರು ಈ ಕಾಡು ಯೀಸ್ಟಿನ ವಾಸನಿಗೆ ಕುದರಿ ಬೆನ್ನಮ್ಯಾಲಿನ ಕಂಬಳಿ ವಾಸನಿ ಅಂತಾರ, ಬೈದು ಅಲ್ಲ, ಹೊಗಳಿ.

ನಾ ಹೇಳೂದು ಇಷ್ಟ. ಹಳೇ ಬಾಟಲಿಗೆ ಮಾರ್ಕ್ಸ್ ಕೊಡೂ ಮೊದಲು ಅದರ ತಂಗೀನ್ನ ಪಕ್ಕಕ್ಕ ಕೂಡ್ಸ್ರಿ. ಆಗ ವಯಸ್ಸು ಏನು ಕೊಟ್ಟದ, ಏನು ಕಸಗೊಂಡದ ಅನ್ನೂದು ನಾಲಿಗಿಗೇ ಗೊತ್ತಾಗ್ತದ. ಒಂಟಿಯಾಗಿ ಇಟ್ಟು ಕೊಟ್ಟ ಮಾರ್ಕ್ಸು ರುಚಿಗೆ ಬೀಳೂದಿಲ್ಲ, ಇಸವಿಗೆ ಬೀಳ್ತದ.

ಅಮೆರಿಕಾದಾಗ ಬಿಯರ್ ಪರೀಕ್ಷಾ ಮಾಡೂರಿಗೆ ಒಂದು ಹಾಳಿ ಮಾಡ್ಯಾರ. ಒಟ್ಟು 50 ಮಾರ್ಕ್ಸು: ವಾಸನಿಗೆ 12, ನೋಟಕ್ಕ 3, ರುಚಿಗೆ 20, ಬಾಯಾಗ ಹೆಂಗ ಅನಸ್ತದ ಅನ್ನೂದಕ್ಕ 5, ಒಟ್ಟಾರೆ 10. ಹೊಸಾ ಬಿಯರಿಗೆ ಛಲೋ ಹಾಳಿ, ನಾ ಬ್ಯಾಡ ಅನ್ನೂದಿಲ್ಲ. ಮಾರ್ಕ್ಸ್ ಇಲ್ಲದಿದ್ರ ಅಂಗಡ್ಯಾಗ ಯಾವುದು ತಗೋಬೇಕು ಹೆಂಗ ಗೊತ್ತಾಗ್ತದ ಅಂತ ನೀವು ಕೇಳಿದ್ರ ಅದೂ ಖರೇ. ಆದ್ರ ಇಪ್ಪತ್ತು ವರ್ಷದ ಬಾಟಲಿ ಒಂದರಂಗ ಇನ್ನೊಂದು ಇರೂದಿಲ್ಲ. ಒಂದರ ಬಿರಡಿ ಸಡಲಾಗಿರ್ತದ, ಒಂದು ಬಿಸಿ ಖೋಲ್ಯಾಗ ಇದ್ದು ಬಂದಿರ್ತದ. ಯಾರೋ ಎಲ್ಲೋ ಕುಡದು ಕೊಟ್ಟ ನಾಲ್ಕೂವರಿ, ಅಜ್ಜಿ ನೆಲಮಾಳಿಗಿ ಬಾಟಲಿಗೆ ಹೆಂಗ ಹತ್ತಬೇಕು? ಮತ್ತ ಅಷ್ಟು ರೊಕ್ಕಾ ಕೊಟ್ಟು ತಂದಾಂವ 'ಕೆಟ್ಟದ' ಅಂತ ಬರ್ಯೂದು ಅಷ್ಟು ಸಸಾರೇನು? ನಾ ಒಂದು ರೂಪಾಯಿ ಕೊಡದಾಕೀನ ಸುಳ್ಳ ಹೇಳಿದ್ನೆಲ್ಲಾ!

ಹಂಗಾರ ಹೆಂಗ ನೋಡಬೇಕು? ನಾವು ಹೆಂಗಸರು ದಿನಾ ನೋಡಿದಂಗ ನೋಡಬೇಕು. ಈ ಹುಳಿ ಮಸರಿಂದೋ, ಹಣ್ಣಿಂದೋ, ಇಲ್ಲಾ ಶಿರ್ಕಾದ್ದೋ? ಮಸರಿನ ಹುಳಿ ಕಾಲಕ್ಕ ಮೆತ್ತಗಾಗ್ತದ. ಶಿರ್ಕಾದ ಹುಳಿ ಮೂಗಿಗೆ ಹೊಡದ್ರ ಗಾಳಿ ಹೊಕ್ಕದ ಅಂತ ತಿಳೀರಿ. ವಾಸನಿ ಗ್ಲಾಸಿನ್ಯಾಗ ಹತ್ತು ಮಿನಿಟು ನಿಲ್ತದೋ ಇಲ್ಲೋ? ಎರಡನೇ ಗುಟುಕು ಬೇಕನಸ್ತದೋ ಇಲ್ಲೋ? ಭರಣಿ ಮುಚ್ಚಳ ತಗದ ಕೂಡಲೆ ವಾಸನಿಮ್ಯಾಲೆ ಹೇಳೂರಿಗೆ ಇದೇನು ದೊಡ್ಡ ವಿದ್ಯಾ ಅಲ್ಲ. ನಮ್ಮ ನಾಲಿಗೀನ್ನ ನಾವು ನಂಬಬೇಕು, ಅಷ್ಟ. ನಾ ಅವತ್ತು ನಂಬಲಿಲ್ಲ.

ಗೋಝ್ ಮುಗಿಯೂದ್ರಾಗ ನನಗ ತಡೀಲಿಲ್ಲ. 'ಅಜ್ಜಿ, ಮೊದಲಿಂದು ಭಾರೀ ಇರಲಿಲ್ಲ, ನಿಮಗ ಬ್ಯಾಸರ ಆಗಬಾರದಂತ ಹಂಗಂದೆ' ಅಂದೆ. ಅವರು ನಕ್ಕರು. 'ನನಗೇನು ನಾಲಿಗಿ ಇಲ್ಲೇನು? ಚೆರೀದು ಇಡಬ್ಯಾಡ್ರಿ, ಎಳೇದಿದ್ದಾಗ ಕುಡದುಬಿಡೂಣು ಅಂತ ನಾನ ಅವರಿಗೆ ಹೇಳಿದ್ದೆ. ಅವರು ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಇಟ್ಟರು' ಅಂದ್ರು. ಆಮ್ಯಾಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಉಳದ ಕ್ರೀಕ್ ಎಲ್ಲಾ ಈ ಬ್ಯಾಸಗ್ಯಾಗ ಮಗಳು ಮೊಮ್ಮಕ್ಕಳು ಬಂದಾಗ ತಗಿಯೂದಂತ ಆಗೇದ, ಹೆಂಗರ ಇರಲಿ. ಗೋಝ್ ಅಲ್ಲೇ ಮಲಗಿರ್ತಾವ. ಅಳಿಯಾಗ ಅಜ್ಜೀನ ಹೇಳ್ತಾರಂತ.

ಮೌಶಿ, ನಿಮ್ಮ ಆ ಕರ್ರಗಾದ ನಿಂಬಿಕಾಯಿ ಉಪ್ಪಿನಕಾಯಿ ಗೋಝ್ ಜಾತೀದು, ಇಟ್ಟಷ್ಟೂ ಛಲೋ. ಆದ್ರ ಮಾವಿನಕಾಯಿ ಭರಣಿ ಕ್ರೀಕ್ ಇದ್ದಂಗ, ಹೋಳಿನ ಕರುಂ ಕುರುಂ ಹೋಗೂದ್ರಾಗ ತಗದುಬಿಡ್ರಿ. ಯಾರರ ಬರಲಿ ಅಂತ ಕಾಯಬ್ಯಾಡ್ರಿ.