ದಾಳ ಉರುಳೋ ಮುಂಚೆ ಒಂದ್ ಮಾತು (ಭಾಗ 4)

ನೀವು ಗೇಮ್ ಮಾಸ್ಟರ್ ಆಗಿ ಕುಂತೀರಿ ಅನ್ಕೊಳ್ರಿ. ಕಥಿ ಮುದಗಲ್ ಕೋಟಿಯೊಳಗ ನಡದೈತಿ. ಎರಡು ತಾಸು ಪ್ಲ್ಯಾನ್ ಮಾಡಿ, ಕಿಲ್ಲೇದಾರನ ಜೊತಿ ಸಂಧಾನಕ್ಕ ಕುಂತಾಗ ಒಬ್ಬ ದೋಸ್ತ ಅಂತಾನ: "ನಾ ಕತ್ತಿ ಎಳದು ಅವನ ಕುತ್ತಿಗಿಗೆ ಹಾಕ್ತೀನಿ." ಉಳದ ಮೂರು ಮಂದಿ ತಲಿ ಹಿಡಕೋತಾರ.

ನೀವೇನ್ ಮಾಡ್ತೀರಿ?

ನಾ ಮಾಡಿದ್ದು ಹೇಳ್ತೀನಿ, ನಗಬ್ಯಾಡ್ರಿ. ಸಿಟ್ಟು ಬಂದು 12 ಕಾವಲುಗಾರರನ್ನ ಒಳಗ ಬಿಟ್ಟೆ. ಐದು ನಿಮಿಷದಾಗ ಅವನ ಪಾತ್ರ ಸತ್ತಿತು. ಆ 12 ಮಂದಿ ನನ್ನ ನೋಟ್‌ಬುಕ್ಕಿನಾಗ ಇರ್ಲೇ ಇಲ್ಲ. ಅದು ಅವನಿಗೂ ಗೊತ್ತಾತು. ಎರಡು ತಿಂಗಳು ಅವ ಗೊರೇಬಾಳದ ನಮ್ಮ ಕಟ್ಟಿಗೇ ಬರಲಿಲ್ಲ.

(ಹೊಸಬರಿಗೆ: 1974ರಾಗ ಅಮೆರಿಕದಾಗ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಇದು. ನಾವು ಡ್ರ್ಯಾಗನ್ ಬಿಟ್ಟು ನಮ್ಮ ದೋಆಬ್ ಇಟ್ಕೊಂಡೀವಿ.)

ಈಗ ನನಗ ಅನ್ಸೋದು, ಹುಚ್ಚು ನಿರ್ಧಾರ ತಡೀಬಾರದು, ಸೇಡೂ ತೀರಿಸ್ಕೋಬಾರದು. ಮೊದಲು ಅವನ ಕಣ್ಣಿಗೆ ಏನ್ ಕಾಣ್ತೈತಿ ಹೇಳ್ಬೇಕು. "ಬಾಗಿಲಿಗೆ ಇಬ್ರು ಬಿಲ್ಲುಗಾರರು ಅದಾರ. ಆದ್ರೂ ಎಳೀತಿಯಾ?" ಬಾಳ ಸಲ ಆಟಗಾರ ಹುಚ್ಚ ಆಗಿರಲ್ಲ. ನಮ್ಮ ತಲಿಯೊಳಗಿನ ಕೋಣಿ ಅವನಿಗೆ ಕಂಡಿರಲ್ಲ, ಅಷ್ಟ. ಆದ್ರೂ "ಹ್ಞೂಂ" ಅಂದ್ರ ದಾಳ ಉರುಳಲಿ.

ತಪ್ಪಿಗೆಲ್ಲ ಸಾವೇ ಶಿಕ್ಷೆ ಆಗಬೇಕಿಲ್ಲ. 1520ರಾಗ ರಾಯಚೂರು ಕೋಟಿ ಉಳಿಸ್ಕೊಳ್ಳಾಕ ಬಂದ ಇಸ್ಮಾಯಿಲ್ ಆದಿಲ್‌ಶಾಹ, ಕುಡದ ಅಮಲಿನಾಗ ಆನಿ ಏರಿ ಕೃಷ್ಣಾ ನದಿಗೆ ಇಳದ ಅಂತ ಫಿರಿಷ್ತಾ ಬರದಾನ. ಆಚಿ ದಂಡಿಗೆ ಕೃಷ್ಣದೇವರಾಯನ ಸೈನ್ಯ, ಬೆನ್ನಿಗೆ ಹೊಳಿ. ಎಷ್ಟೋ ಮಂದಿ ಮುಳುಗಿ ಸತ್ರು. ಸುಲ್ತಾನ ಮಾತ್ರ ಬದುಕಿ ವಾಪಸ್ ಹೋದ, ರಾಯಚೂರು ಕಳಕೊಂಡು. ಗೇಮ್ ಮಾಸ್ಟರ್ ಕಣ್ಣಿಂದ ನೋಡ್ರಿ: ಪಾತ್ರ ಉಳೀತು, ಆಟದ ನಕ್ಷೆನ ಬದಲಾತು. ಮುಂದಿನ ಹತ್ತು ವಾರಕ್ಕ ಸಾಕಾಗೋ ಕಥಿ ಅದು!

ಒಬ್ಬ ಬೇಕಂತನ ಉಳದವರ ಆಟ ಕೆಡಸಾಕತ್ತಿದ್ರ ಮಾತ್ರ ಬ್ಯಾರೆ. ಅದಕ್ಕ ದಾಳ ಬ್ಯಾಡ. ಚಹಾ ಅಂಗಡಿಗೆ ಕರ್ಕೊಂಡ್ ಹೋಗಿ, ಇಬ್ರೇ ಕುಂತು ನೇರ ಮಾತಾಡ್ರಿ.

ನಾನೂ ಹಂಗ ಹೋಗಿ ನನ್ನ ದೋಸ್ತಗ ಸಾರಿ ಕೇಳ್ದೆ. ಹೋದ ಐತವಾರ ಮತ್ತ ಬಂದ. ಹೊಸ ಪಾತ್ರ, ಸತ್ತವನ ತಮ್ಮ. ಮೊದಲ ಸರದಿಗೇ "ಕೋಟಿ ಮ್ಯಾಲಿಂದ ಕಂದಕಕ್ಕ ಜಿಗೀತೀನಿ" ಅಂದ.

"ನೀರು ಎಷ್ಟು ಆಳ ಅಂತ ನಿನಗ ಕಾಣವಲ್ದು. ಜಿಗೀತಿಯಾ?"

"ಜಿಗೀತೀನಿ."

20 ಮುಖದ ದಾಳ ಉರುಳಿಸ್ದ. 3 ಬಿತ್ತು. ಎಲ್ಲಾರಕಿಂತ ಜೋರಾಗಿ ನಕ್ಕವ ಅವನ.